ಓಪೆತ್
ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1990ರಲ್ಲಿ ಹುಟ್ಟಿ, ಡೆತ್ ಮೆಟಲ್‌ನಿಂದ ಪ್ರೋಗ್ರೆಸಿವ್ ರಾಕ್‌ನತ್ತ ಹೊರಳಿದ ವಾದ್ಯತಂಡ. ಮುಖ್ಯ ಗೀತರಚನಕಾರ, ಗಾಯಕ, ಗಿಟಾರ್ ವಾದಕ ಮಿಕಾಯೆಲ್ ಓಕರ್‌ಫೆಲ್ಟ್. ಮೊದಲ ಆಲ್ಬಂ ‘ಆರ್ಕಿಡ್’ (1995). ಗಂಟಲೊಳಗಿನ ಗರ್ಜನೆಯ ಪಕ್ಕದಲ್ಲೇ ಅಕೂಸ್ಟಿಕ್ ಗಿಟಾರಿನ ಮೃದು ಭಾಗಗಳು, ಹತ್ತು ನಿಮಿಷ ಮೀರುವ ಹಾಡುಗಳು ಆರಂಭದಿಂದಲೂ ಇದ್ದುದರಿಂದ ಈ ಹೊರಳು ಹಠಾತ್ತಾದುದಲ್ಲ. ಸಂಗೀತಗಾರ ಸ್ಟೀವನ್ ವಿಲ್ಸನ್ ನಿರ್ಮಾಣದಲ್ಲಿ ನೆರವಾದ ‘ಬ್ಲ್ಯಾಕ್‌ವಾಟರ್ ಪಾರ್ಕ್’ (2001) ಖ್ಯಾತಿ ತಂದಿತು. ‘ಡ್ಯಾಮ್ನೇಷನ್’ (2003) ಗರ್ಜನೆಯನ್ನು ಪೂರ್ಣ ಬಿಟ್ಟು ಮೆಲೋಟ್ರಾನ್ ವಾದ್ಯವನ್ನು ಮುಂದೆ ತಂದಿತು. ‘ಹೆರಿಟೇಜ್’ನಿಂದ (2011) ಗರ್ಜನೆ ನಿಂತು, 1970ರ ದಶಕದ ಪ್ರೋಗ್ರೆಸಿವ್ ರಾಕ್ ಶೈಲಿಯೇ ಪ್ರಧಾನವಾಗಿ, ಹಳೆಯ ಅಭಿಮಾನಿಗಳಲ್ಲಿ ಒಡಕು ಮೂಡಿತು. 2012ರಲ್ಲಿ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಗರ್ಜನೆ ಮರಳಿದ್ದು 2024ರ ಆಲ್ಬಂನಲ್ಲಿ.