ಅಕ್ಕಿಯ ಪಟ್ಟಿ ಬರೆದವರು

ಮಲೆನಾಡಿನ ಅಡುಗೆಮನೆಯಲ್ಲಿ ಅಕ್ಕಿಯೆಂಬುದು ಒಂದೇ ಪದಾರ್ಥವಲ್ಲ. ಅನ್ನಕ್ಕೆ ಬೆಳ್ತಿಗೆ, ಗಂಜಿಗೆ ಕುಚ್ಚಲಕ್ಕಿ, ಹಬ್ಬದ ಪಾಯಸಕ್ಕೆ ಗಂಧಸಾಲೆ, ಕಡುಬಿಗೆ ನುಚ್ಚು ಎಂದು ಉಪಯೋಗವನ್ನನುಸರಿಸಿ ಅದರ ವಿಭಾಗ ನಡೆಯುತ್ತದೆ. ಇಲ್ಲಿಯ ಮತ್ತು ಇದರ ಕೆಳಗಣ ಕರಾವಳಿಯ ಅಕ್ಕಿಯನ್ನು ಐದು ಶತಮಾನಗಳಿಂದ ಬರಹಕ್ಕೆ ಇಳಿಸುತ್ತ ಬಂದವರಾದರೋ ತಂತಮ್ಮ ಪ್ರಯೋಜನಕ್ಕೆ ಬೇಕಾದಷ್ಟನ್ನೇ ಕೇಳಿ ಬರೆದುಕೊಂಡರು.

ಮೊದಲು ಬಂದವನು ವ್ಯಾಪಾರದ ಕಣ್ಣುಳ್ಳವನು. 1516ರ ಸುಮಾರಿಗೆ ತನ್ನ ವೃತ್ತಾಂತವನ್ನು ಬರೆದ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸನು, ಕನ್ನಡ ಕರಾವಳಿಯ ಅಕ್ಕಿಯಲ್ಲಿ ನಾಲ್ಕು ಬಗೆಗಳನ್ನು ಹೇಳಿ, ಬೆಲೆಯ ತಾರತಮ್ಯದಿಂದ ಅವನ್ನು ಜೋಡಿಸಿದನು. ಅವುಗಳಲ್ಲಿ ಶ್ರೇಷ್ಠವಾದ ‘ಗಿರಸಾಲ್’ ನಮ್ಮ ಜೀರಿಗೆಸಾಲೆಯೇ ಇರಬೇಕು. ‘ಪಚಾರಿ’ಯೆಂಬುದು ಮಲಯಾಳದ ಪಚ್ಚರಿ, ಎಂದರೆ ನಮ್ಮ ಬೆಳ್ತಿಗೆ. ಒಂದು ತಳಿ, ಇನ್ನೊಂದು ಸಂಸ್ಕಾರ. ಭತ್ತವನ್ನು ಹಂಡೆಯಲ್ಲಿ ನೀರೆರೆದು ಬೇಯಿಸಿ, ಸಿಪ್ಪೆ ಬಿರಿಯುವ ಹದದಲ್ಲಿ ಬಸಿದು, ಅಂಗಳದ ಬಿಸಿಲಿಗೆ ಹರವಿ ಒಣಗಿಸಿ ಕುಟ್ಟಿದರೆ ಕುಚ್ಚಲಕ್ಕಿ. ಬೇಯಿಸದೆ ಕುಟ್ಟಿದರೆ ಬೆಳ್ತಿಗೆ. ಒಂದೇ ಗದ್ದೆಯ ಒಂದೇ ಭತ್ತ ಈ ಎರಡೂ ಆಗಬಲ್ಲದು. ಹಡಗಿಗೆ ಮೂಟೆ ಏರಿಸುವವನಿಗೆ ಎರಡು ಬೆಲೆಗಳು ಕಂಡರೆ ಸಾಕಾಗಿತ್ತು.

ಎರಡನೆಯದು ರಾಜ್ಯದ ಕಣ್ಣು. ಬಿದನೂರಿನಲ್ಲಿ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಲ್ಲಿ, 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನು ‘ಶಿಸ್ತು’ ಎಂಬ ತನ್ನ ಪ್ರಸಿದ್ಧವಾದ ಭೂಕಂದಾಯದ ಏರ್ಪಾಟನ್ನು ನೆಲೆಗೊಳಿಸುವುದಕ್ಕಾಗಿ, ಗ್ರಾಮಗ್ರಾಮದಲ್ಲಿಯೂ ಒಂದೊಂದು ತರದ ಭೂಮಿಯನ್ನು ಹನ್ನೆರಡು ವರ್ಷ ಸ್ವಂತ ವೆಚ್ಚದಲ್ಲಿ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ಬಂದ ಫಸಲು, ಸಿಕ್ಕಿದ ಬೆಲೆ ಇವುಗಳ ಲೆಕ್ಕವಿಡಿಸಿದನೆಂದು ಪ್ರತೀತಿ. ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮವೆಂದು ನೆಲ ಐದು ತರವಾಯಿತು. ವರದಾ ನದಿಯ ನೆರೆ ವಾರಗಟ್ಟಲೆ ನಿಲ್ಲುವ ತಗ್ಗುಗದ್ದೆಯು ಕಡತದಲ್ಲಿ ಯಾವ ತರಕ್ಕೇ ಸೇರಿರಲಿ, ಆ ಗದ್ದೆಯಲ್ಲಿ ಕೊಳೆಯದೆ ನಿಂತು ತೆನೆಗೂಡುವ ನೆರೆಗುಳಿ, ಏಡಿಕುಣಿ ತಳಿಗಳನ್ನು ಸಾಗರದ ಒಕ್ಕಲಿಗನು ಬಲ್ಲನು.

ಅಡುಗೆಗೆ ಹತ್ತಿರ ಬಂದವನು ಅದೇ ವಂಶದ ಬಸವಪ್ಪನಾಯಕ. 1709ರಲ್ಲಿ ಮುಗಿದ ಅವನ ‘ಶಿವತತ್ತ್ವರತ್ನಾಕರ’ವು ಒಂಬತ್ತು ಕಲ್ಲೋಲ, 108 ತರಂಗಗಳ ಸಂಸ್ಕೃತ ವಿಶ್ವಕೋಶ, ಪಾಕಶಾಸ್ತ್ರಕ್ಕೂ ಅದರಲ್ಲಿ ಎಡೆಯುಂಟು. ಆದರೆ ಅದು ಅರಮನೆಯ ಭೋಜನದ ಶಾಸ್ತ್ರ. ಆಲೆಮನೆಯ ಕಾಲದಲ್ಲಿ ಅಕ್ಕಿಯನ್ನು ಕಬ್ಬಿನ ಹಾಲಿನೊಡನೆ ನುಣ್ಣಗೆ ಅರೆದು, ಬಟ್ಟೆ ಸುತ್ತಿದ ಕೋಲಿನಿಂದ ಕವುಚಿಟ್ಟ ಬಿಸಿ ಗಡಿಗೆಯ ಮೈಗೆ ತೊಡೆದು, ಹರಿಯದಂತೆ ಎಬ್ಬಿಸಿ ಮಡಿಚುವ ತೊಡೆದೇವನ್ನು ಹವ್ಯಕರ ಗೃಹಿಣಿಯರು ಕಲಿತದ್ದು ಯಾವ ಶ್ಲೋಕದಿಂದಲೂ ಅಲ್ಲ. ಅತ್ತೆಯ ಕೈಯ ವೇಗವನ್ನು ನೋಡಿ.

ಟಿಪ್ಪುವಿನ ಪತನಾನಂತರ, 1801ರಲ್ಲಿ, ಇಂಗ್ಲಿಷ್ ಕಂಪನಿಯ ಪರವಾಗಿ ನಾಡನ್ನು ಸಮೀಕ್ಷಿಸಲು ಬಂದ ಫ್ರಾನ್ಸಿಸ್ ಬುಕಾನನ್ನನು ಇಕ್ಕೇರಿ, ನಗರಗಳ ಮಾರ್ಗವಾಗಿ ಹಾದುಹೋದನು. ಭತ್ತವು ಎಷ್ಟು ತಿಂಗಳಿಗೆ ಮಾಗುತ್ತದೆ, ಒಣಬೀಜ ಬಿತ್ತುವರೋ ಮೊಳಕೆ ಚೆಲ್ಲುವರೋ ನಾಟಿ ಹಾಕುವರೋ, ಇಳುವರಿ ಎಷ್ಟು ಎಂದು ಅವನು ಶ್ರದ್ಧೆಯಿಂದ ವಿಚಾರಿಸಿದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಕೃಷಿಯ ಮಟ್ಟಿಗೆ ಅದರಷ್ಟು ಉಪಯುಕ್ತವಾದ ದಾಖಲೆ ಆ ಕಾಲದಲ್ಲಿ ಬೇರೊಂದಿಲ್ಲ. ಆದರೂ ಅವನು ಪ್ರಶ್ನೆ ಕೇಳಿದ್ದು ಗದ್ದೆಯಂಚಿನಲ್ಲಿ ಗಂಡಸರನ್ನು.

ಈ ಪಟ್ಟಿಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಪೂರ್ಣವಲ್ಲ. ಬೆಲೆಯನ್ನು ಬಾರ್ಬೋಸನಲ್ಲಿ, ನೆಲವನ್ನು ಶಿಸ್ತಿನಲ್ಲಿ, ಬೇಸಾಯವನ್ನು ಬುಕಾನನ್ನನಲ್ಲಿ ನೋಡಬಹುದು. ಉಣ್ಣುವ ವಿಚಾರಕ್ಕೆ ಮನೆಯ ಹೆಂಗಸರನ್ನೇ ಕೇಳಬೇಕು. ಹೊರನಾಡಿನಿಂದ ಬಂದ ಇಂಟಾನ್ ಭತ್ತವು ಈ ಸೀಮೆಯಲ್ಲಿ ಹರಡಿದಾಗ, ಎಕರೆಗೆ ಎಷ್ಟು ಚೀಲವೆಂದು ಗಂಡಸರು ಕೇಳಿದರೆ, ಒಳಮನೆಯಿಂದ ಬಂದ ಪ್ರಶ್ನೆ ಹಳೆಯದೇ: ಇದರ ರೊಟ್ಟಿ ಮೆತ್ತಗಾದೀತೆ, ಕಡುಬು ಅಂಟದೆ ಬಂದೀತೆ?