ವ್ಯವಹಾರ ವಿಶ್ಲೇಷಣಾ ತಂತ್ರಾಂಶ: ಪರವಾನಗಿಯ ಹಂತಗಳು ಮತ್ತು ಡ್ಯಾಶ್‌ಬೋರ್ಡ್ ಹಂಚಿಕೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಯೋಜನಾ ವರದಿಯಲ್ಲಿ ವ್ಯವಹಾರ ವಿಶ್ಲೇಷಣಾ ತಂತ್ರಾಂಶದ ವೆಚ್ಚವನ್ನು ತೋರಿಸುವ ಸಣ್ಣ ಕೈಗಾರಿಕಾ ಘಟಕಗಳು ಹಾಗೂ ಸಹಕಾರ ಸಂಘಗಳು ಅರ್ಜಿ ಸಲ್ಲಿಸುವ ಮುನ್ನ ಈ ಪುಟವನ್ನು ಓದಿಕೊಳ್ಳುವುದು ಅಪೇಕ್ಷಣೀಯ. ಖರೀದಿ, ದಾಸ್ತಾನು, ಮಾರಾಟ, ಬಾಕಿ ವಸೂಲಿ ಮುಂತಾದ ಅಂಕಿ ಅಂಶಗಳನ್ನು ಗಣಕಯಂತ್ರದ ಒಂದೇ ಪರದೆಯ ಮೇಲೆ ಕೋಷ್ಟಕ ಹಾಗೂ ರೇಖಾಚಿತ್ರಗಳಾಗಿ ತೋರಿಸುವ ವರದಿಯನ್ನು ಡ್ಯಾಶ್‌ಬೋರ್ಡ್ ಎಂದು ಕರೆಯಲಾಗುತ್ತದೆ.

ನೋಡುವವರಿಗೂ ಪರವಾನಗಿ ಬೇಕೆ?

ಭೂಮಿ ಯೋಜನೆಯ ಪಹಣಿಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಧಿಕೃತ ಪ್ರತಿಗೆ ಮಾತ್ರ ಶುಲ್ಕವಿದೆ. ಖಾಸಗಿ ವಿಶ್ಲೇಷಣಾ ತಂತ್ರಾಂಶಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ ಎಂದು ಭಾವಿಸತಕ್ಕದ್ದಲ್ಲ. ಹೆಚ್ಚು ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಸಂಸ್ಥೆಯ ಪವರ್ ಬಿಐ ತಂತ್ರಾಂಶದಲ್ಲಿ ವರದಿಯನ್ನು ಹಂಚುವವರಿಗಷ್ಟೇ ಅಲ್ಲ, ಸಾಮಾನ್ಯವಾಗಿ ಅದನ್ನು ನೋಡುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಪರವಾನಗಿ ಅಗತ್ಯ.

ವರದಿ ತಯಾರಿಸುವ ಪವರ್ ಬಿಐ ಡೆಸ್ಕ್‌ಟಾಪ್ ಉಚಿತವಾಗಿದ್ದು, ವಿಂಡೋಸ್ ಗಣಕಯಂತ್ರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅಂತರಜಾಲ ಸೇವೆಯ ಉಚಿತ ಹಂತದಲ್ಲಿ ಬಳಕೆದಾರರು ತಮ್ಮ ಸ್ವಂತ ಕಾರ್ಯಕ್ಷೇತ್ರದಲ್ಲಿ ವರದಿಯನ್ನು ಇಟ್ಟುಕೊಳ್ಳಬಹುದೇ ಹೊರತು ಸಹೋದ್ಯೋಗಿಗಳೊಡನೆ ಹಂಚಿಕೊಳ್ಳಲಾಗದು. ಹಂಚಿಕೆಗೆ ಪ್ರೋ ಹಂತ ಬೇಕು. ಇದರ ಪ್ರಕಟಿತ ದರವನ್ನು 2025ರ ಏಪ್ರಿಲ್‌ನಲ್ಲಿ ಒಬ್ಬ ಬಳಕೆದಾರರಿಗೆ ತಿಂಗಳಿಗೆ 9.99 ಡಾಲರ್‌ನಿಂದ 14 ಡಾಲರ್‌ಗೆ ಹೆಚ್ಚಿಸಲಾಯಿತು. ಪ್ರೀಮಿಯಂ ಪರ್ ಯೂಸರ್ ಎಂಬ ಮೇಲಿನ ಹಂತದ ದರ ಅದೇ ಸಮಯದಲ್ಲಿ 20ರಿಂದ 24 ಡಾಲರ್ ಆಯಿತು. ಈ ಹಂತದ ಕಾರ್ಯಕ್ಷೇತ್ರದಲ್ಲಿಟ್ಟ ವರದಿಯನ್ನು ಪ್ರೋ ಪರವಾನಗಿದಾರರೂ ನೋಡಲಾರರು. ಉಚಿತ ಬಳಕೆದಾರರೂ ನೋಡಬಹುದಾದ ವ್ಯವಸ್ಥೆಗೆ ಫ್ಯಾಬ್ರಿಕ್ ಎಫ್-64 ಅಥವಾ ಅದಕ್ಕಿಂತ ಮೇಲ್ಪಟ್ಟ ಸಾಮರ್ಥ್ಯವನ್ನು ಪಡೆಯಬೇಕಾಗಿದ್ದು, ಅದರ ವೆಚ್ಚ ತಿಂಗಳಿಗೆ ಸಾವಿರಾರು ಡಾಲರ್. ನೂರಾರು ನೋಡುಗರಿರುವ ಸಂಸ್ಥೆಗಳನ್ನು ಬಿಟ್ಟು ಉಳಿದವರು ಇದನ್ನು ಪರಿಗಣಿಸುವ ಅಗತ್ಯವಿಲ್ಲ.

ಉದಾಹರಣೆಗೆ, ಬೈಂದೂರಿನಲ್ಲಿ ಕಚ್ಚಾ ಗೇರುಬೀಜ ಖರೀದಿ, ಕುಂದಾಪುರದಲ್ಲಿ ಕಾರ್ಖಾನೆ, ಬ್ರಹ್ಮಾವರದಲ್ಲಿ ಮಾರಾಟ ಮಳಿಗೆ ಇರುವ ಒಂದು ಘಟಕವನ್ನು ತೆಗೆದುಕೊಳ್ಳೋಣ. ವರದಿ ತಯಾರಿಸುವವರು, ಮಾಲೀಕರು, ಲೆಕ್ಕಿಗರು ಮತ್ತು ಇಬ್ಬರು ಮೇಲ್ವಿಚಾರಕರು ಸೇರಿ ಐದು ಪ್ರೋ ಪರವಾನಗಿಗಳಿಗೆ ತಿಂಗಳಿಗೆ 70 ಡಾಲರ್, ವರ್ಷಕ್ಕೆ 840 ಡಾಲರ್ ಆಗುತ್ತದೆ, ತೆರಿಗೆ ಪ್ರತ್ಯೇಕ. ಒಂದೇ ಪರವಾನಗಿಯ ದರವನ್ನು ಬರೆದ ಯೋಜನಾ ವರದಿಯಲ್ಲಿ ವೆಚ್ಚವು ಐದನೆಯ ಒಂದು ಭಾಗ ಮಾತ್ರ ಕಾಣುತ್ತದೆ. ಇದು ಚಂದಾ ರೂಪದ ಆವರ್ತಕ ವೆಚ್ಚವಾದ ಕಾರಣ ಯಂತ್ರೋಪಕರಣಗಳೊಡನೆ ಬಂಡವಾಳ ವೆಚ್ಚವೆಂದು ತೋರಿಸದೆ ವಾರ್ಷಿಕ ನಿರ್ವಹಣಾ ವೆಚ್ಚದಲ್ಲಿ ತೋರಿಸುವುದೇ ಸರಿಯಾದ ಲೆಕ್ಕ. ರೂಪಾಯಿ ದರಕ್ಕೆ ಮಾರಾಟಗಾರರಿಂದ ಲಿಖಿತ ದರಪಟ್ಟಿಯನ್ನು ಪಡೆದು ಲಗತ್ತಿಸುವುದು.

ಅರವತ್ತು ದಿನಗಳ ಉಚಿತ ಪ್ರಾಯೋಗಿಕ ಅವಧಿಯ ಬಗ್ಗೆ ಎಚ್ಚರ ವಹಿಸಬೇಕು. ಆ ಅವಧಿಯಲ್ಲಿ ಎಲ್ಲರಿಗೂ ಕಾಣುತ್ತಿದ್ದ ವರದಿಯು ಅವಧಿ ಮುಗಿದ ಮೇಲೆ ಪರವಾನಗಿ ಇಲ್ಲದವರಿಗೆ ತೆರೆಯುವುದಿಲ್ಲ. ಹಾಗೆಯೇ ಸೇವೆಗೆ ನೋಂದಾಯಿಸಲು ಸಂಸ್ಥೆಯ ಇ-ಮೇಲ್ ವಿಳಾಸ ಬೇಕು. ಜಿಮೇಲ್‌ನಂತಹ ಖಾಸಗಿ ವಿಳಾಸಗಳನ್ನು ಸ್ವೀಕರಿಸುವುದಿಲ್ಲ. ಡೊಮೈನ್ ಮತ್ತು ಇ-ಮೇಲ್ ವೆಚ್ಚವನ್ನೂ ಅಂದಾಜಿನಲ್ಲಿ ಸೇರಿಸತಕ್ಕದ್ದು.

ಸಾರ್ವಜನಿಕ ಕೊಂಡಿಯ ಅಪಾಯ

ಪರವಾನಗಿ ವೆಚ್ಚವನ್ನು ಉಳಿಸಲು ‘ಪಬ್ಲಿಶ್ ಟು ವೆಬ್’ ಸೌಲಭ್ಯವನ್ನು ಬಳಸುವಂತೆ ಯಾರಾದರೂ ಸಲಹೆ ನೀಡಿದಲ್ಲಿ ಅರ್ಜಿದಾರರು ಒಪ್ಪಬಾರದು. ಈ ಕೊಂಡಿಗೆ ಪಾಸ್‌ವರ್ಡ್ ಇಲ್ಲ. ಕೊಂಡಿ ದೊರೆತ ಯಾರೇ ಆಗಲಿ, ಜಗತ್ತಿನ ಯಾವುದೇ ಭಾಗದಿಂದ ವರದಿಯನ್ನು ನೋಡಬಹುದು. ವಾಟ್ಸಾಪ್‌ನಲ್ಲಿ ಒಬ್ಬರಿಗೆ ಕಳುಹಿಸಿದ್ದು ಎಷ್ಟು ಜನರನ್ನು ತಲುಪಿತೆಂದು ತಿಳಿಯುವ ಉಪಾಯವಿಲ್ಲ. ಟ್ಯಾಬ್ಲೋ ಪಬ್ಲಿಕ್ ಎಂಬ ಉಚಿತ ಸೇವೆಯಲ್ಲಿ ಪ್ರಕಟಿಸಿದ ವರದಿಗಳೂ ಸಾರ್ವಜನಿಕವೇ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4ರಂತೆ ಸರ್ಕಾರವು ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿಗೆ ಇಂತಹ ವಿಧಾನ ತಕ್ಕುದು; ಕರ್ನಾಟಕ ಸರ್ಕಾರದ ಮಾಹಿತಿ ಕಣಜ ಜಾಲತಾಣ ಆ ಉದ್ದೇಶದ್ದು. ಗೇರುಬೀಜ ಖರೀದಿ ದರವಾಗಲಿ, ಸಂಘದ ಸದಸ್ಯರ ಸಾಲ ಬಾಕಿಯಾಗಲಿ ಆ ವರ್ಗಕ್ಕೆ ಸೇರುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದ್ದು, ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರಲಿವೆ.

ಡೆಸ್ಕ್‌ಟಾಪ್‌ನ ಕಡತವನ್ನೇ ಪೆನ್‌ಡ್ರೈವ್‌ನಲ್ಲಿ ಕೊಡುವುದೂ ಸುರಕ್ಷಿತವಲ್ಲ. ಅದರೊಳಗೆ ತುಂಬಿಸಿದ ಮೂಲ ಅಂಕಿ ಅಂಶಗಳೆಲ್ಲವೂ ಪಡೆದವರ ಕೈ ಸೇರುತ್ತವೆ.

ಶಾಖೆಗೆ ತಕ್ಕಷ್ಟು ಮಾತ್ರ ತೋರಿಸುವುದು

ಬೈಂದೂರಿನ ಮೇಲ್ವಿಚಾರಕರಿಗೆ ಬೈಂದೂರಿನ ಲೆಕ್ಕ ಮಾತ್ರ ಕಾಣುವಂತೆ ಮಾಡುವ ವ್ಯವಸ್ಥೆಗೆ ಸಾಲುಮಟ್ಟದ ಭದ್ರತೆ ಎನ್ನುತ್ತಾರೆ. ಇದು ಕಾರ್ಯಕ್ಷೇತ್ರದಲ್ಲಿ ‘ವ್ಯೂವರ್’ ಪಾತ್ರ ಪಡೆದವರಿಗೆ ಮಾತ್ರ ಅನ್ವಯಿಸುತ್ತದೆ. ‘ಮೆಂಬರ್’ ಅಥವಾ ‘ಕಾಂಟ್ರಿಬ್ಯೂಟರ್’ ಪಾತ್ರ ನೀಡಿದಲ್ಲಿ ಎಲ್ಲವೂ ಕಾಣುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳು 2018ರಲ್ಲಿ ಅಸ್ತಿತ್ವಕ್ಕೆ ಬಂದವು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಶಿರೂರು, ಉಪ್ಪುಂದದ ವಿಳಾಸಗಳು ಕುಂದಾಪುರ ತಾಲ್ಲೂಕೆಂದೂ, ಕೋಟ, ಬಾರ್ಕೂರಿನ ವಿಳಾಸಗಳು ಉಡುಪಿ ತಾಲ್ಲೂಕೆಂದೂ ನಮೂದಾಗಿರುತ್ತವೆ. ತಾಲ್ಲೂಕಿನ ಹೆಸರನ್ನೇ ಆಧರಿಸಿ ಭದ್ರತೆ ಅಳವಡಿಸಿದಲ್ಲಿ ಬೈಂದೂರಿನ ಹಳೆಯ ಗ್ರಾಹಕರ ಬಾಕಿಯು ಕುಂದಾಪುರದವರಿಗೆ ಕಾಣಿಸಿ, ಬೈಂದೂರಿನವರಿಗೆ ಕಾಣಿಸದೇ ಹೋಗುತ್ತದೆ. ಆದುದರಿಂದ ಶಾಖಾ ಸಂಕೇತ ಅಥವಾ ಗ್ರಾಮದ ಹೆಸರನ್ನು ಆಧಾರವಾಗಿಟ್ಟುಕೊಳ್ಳುವುದು.

ಬೇರೆ ಮಾರ್ಗಗಳು

ಮೆಟಾಬೇಸ್ ಮತ್ತು ಅಪಾಚೆ ಸೂಪರ್‌ಸೆಟ್‌ನ ಮುಕ್ತ ಆವೃತ್ತಿಗಳಿಗೆ ಬಳಕೆದಾರರ ಸಂಖ್ಯೆಗನುಗುಣವಾದ ಶುಲ್ಕವಿಲ್ಲ. ಆದರೆ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ತಿಳಿದವರೊಬ್ಬರು ಬೇಕಾಗುತ್ತದೆ. ತಿಂಗಳಿಗೊಮ್ಮೆ ಆಡಳಿತ ಮಂಡಳಿ ಸಭೆಯಲ್ಲಿ ಮಾತ್ರ ಅಂಕಿ ಅಂಶ ನೋಡುವ ಸಂಘಕ್ಕೆ ಡೆಸ್ಕ್‌ಟಾಪ್‌ನಲ್ಲಿ ತಯಾರಿಸಿದ ವರದಿಯನ್ನು ಪಿಡಿಎಫ್ ಮಾಡಿ ಮುದ್ರಿಸಿ ಹಂಚಿದರೆ ಸಾಕು. ಅದಕ್ಕಾಗಿ ಪ್ರತಿ ನಿರ್ದೇಶಕರಿಗೂ ಚಂದಾ ಕಟ್ಟುವುದು ಅನಗತ್ಯ ಖರ್ಚು.

ಪರವಾನಗಿ ಖರೀದಿಸುವವರು ಖಾತೆಯನ್ನು ಸಂಸ್ಥೆಯ ಹೆಸರಿನಲ್ಲಿ ತೆರೆದು, ಕನಿಷ್ಠ ಇಬ್ಬರನ್ನು ನಿರ್ವಾಹಕರನ್ನಾಗಿ ನೇಮಿಸತಕ್ಕದ್ದು. ಸಿಬ್ಬಂದಿ ಕೆಲಸ ಬಿಟ್ಟಲ್ಲಿ ಅವರ ಪರವಾನಗಿಯನ್ನು ಹಿಂಪಡೆದು ಬೇರೊಬ್ಬರಿಗೆ ವರ್ಗಾಯಿಸಬಹುದು; ಹೊಸದನ್ನು ಕೊಳ್ಳಬೇಕಾಗಿಲ್ಲ.