ಅಲಗಿಗೊಂದು ಅಡ್ಡಪಟ್ಟಿ

ಕಣದಲ್ಲಿ ರಾಗಿ ರಾಶಿಯ ಪೂಜೆ ಮುಗಿದ ಮೇಲೆ ಆಯ ಪಡೆಯಲು ಬರುತ್ತಿದ್ದವರಲ್ಲಿ ಕ್ಷೌರಿಕರೂ ಇದ್ದರು. ವರ್ಷವಿಡೀ ಮನೆಯ ಗಂಡಸರ ಗಡ್ಡ, ತಲೆ ನೋಡಿಕೊಂಡದ್ದಕ್ಕೆ ಮೊರದಲ್ಲಿ ಅಳೆದ ರಾಗಿ. ದೊಡ್ಡಬಳ್ಳಾಪುರ ಸೀಮೆಯ ನಮ್ಮ ಹಳ್ಳಿಯಲ್ಲಿ ತಾತನ ಕಾಲದವರೆಗೂ ಇದೇ ಲೆಕ್ಕ. ಜಗಲಿಯ ಮೇಲೆ ಹಡಪ ಬಿಚ್ಚಿದರೆ ಮಡಚುವ ಕತ್ತಿ, ಸಾಣೆಕಲ್ಲು, ತೊಗಲಿನ ಪಟ್ಟಿ, ನೀರಿನ ಬಟ್ಟಲು, ಪಟಿಕದ ತುಂಡು. ಕತ್ತಿಯ ಅಲಗಿಗೆ ಯಾವ ಅಡ್ಡವೂ ಇರುತ್ತಿರಲಿಲ್ಲ. ಎಡಗೈ ಹೆಬ್ಬೆರಳು ಕೆನ್ನೆಯ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಿತ್ತು, ಬಲಗೈ ಅಲಗನ್ನು ಓರೆಯಾಗಿ ಇಳಿಸುತ್ತಿತ್ತು. ಅಡ್ಡ ಇದ್ದದ್ದು ಆ ಹೆಬ್ಬೆರಳಲ್ಲಿ.

ಕೈ ಹಾಗೆ ಪಳಗಬೇಕಾದರೆ ವರ್ಷಗಳೇ ಬೇಕು. ಪಳಗದವನೂ ತನ್ನ ಗಡ್ಡ ತಾನೇ ತೆಗೆದುಕೊಳ್ಳುವಂತಾಗಲಿ ಎಂಬ ಯೋಚನೆಯಿಂದಲೇ ಅಲಗಿಗೆ ರಕ್ಷಾಪಟ್ಟಿ ಹುಟ್ಟಿದ್ದು. 1762ರ ಸುಮಾರಿಗೆ ಫ್ರಾನ್ಸಿನ ಕತ್ತಿ ಮಾಡುವ ಕುಶಲಕರ್ಮಿ ಜಾನ್ ಜಾಕ್ ಪೆರೆ ಬಡಗಿಯ ಉಜ್ಜುಗೊರಡನ್ನು ನೋಡಿ, ಮಾಮೂಲಿ ಕ್ಷೌರದ ಕತ್ತಿಗೆ ಮರದ ಕವಚ ತೊಡಿಸಿದ. ಉಜ್ಜುಗೊರಡಿನ ಅಲಗು ಮರವನ್ನು ಆಳಕ್ಕೆ ಕೊರೆಯದೆ ತೆಳ್ಳನೆಯ ಹೊಪ್ಪಳೆಯನ್ನಷ್ಟೇ ಎಬ್ಬಿಸುವುದು ಅದರ ತಳ ಅಡ್ಡ ನಿಲ್ಲುವುದರಿಂದ. ಪೆರೆ ಕಂಡುಕೊಂಡದ್ದು ಅದನ್ನೇ.

ಚರ್ಮದ ಮೇಲೆ ನಡೆಯುವುದೂ ಹೆಚ್ಚುಕಡಿಮೆ ಅದೇ. ಅಲಗು ಸಾಗುವಾಗ ಅದರ ಮುಂದೆ ಮೆತ್ತನೆಯ ಚರ್ಮ ಸಣ್ಣ ಅಲೆಯಂತೆ ಉಬ್ಬುತ್ತದೆ. ಆ ಉಬ್ಬಿಗೆ ಅಂಚು ನಾಟಿದರೆ ಗಾಯ. ಅಡ್ಡಪಟ್ಟಿ ಉಬ್ಬನ್ನು ಮೊದಲೇ ಒತ್ತಿ ಮಟ್ಟ ಮಾಡುತ್ತದೆ, ಅಂಚು ಬೇಕಾದಷ್ಟು ಮಾತ್ರ ಹೊರಗೆ ಚಾಚಿರುವಂತೆ ತಡೆಯುತ್ತದೆ. ಅದಕ್ಕೆ ಬಾಚಣಿಗೆಯಂತೆ ಹಲ್ಲು ಕೊಟ್ಟರೆ ಕೂದಲೂ ನೊರೆಯೂ ಸಂದಿಯಲ್ಲಿ ನುಸುಳಿ ಹೋಗುತ್ತವೆ. 1847ರಲ್ಲಿ ವಿಲಿಯಂ ಹೆನ್ಸನ್ ಪೇಟೆಂಟಿಗೆ ಬರೆದುಕೊಟ್ಟದ್ದು ಇಂಥ ಹಲ್ಲುಪಟ್ಟಿಯನ್ನೇ. ಉಗಿ ಎಂಜಿನ್ನಿನ ವಿಮಾನದ ಕನಸು ಕಂಡವನೂ ಇದೇ ಹೆನ್ಸನ್. ಹಿಡಿಗೆ ಅಡ್ಡಲಾಗಿ ಗುದ್ದಲಿಯಂತೆ ಅಲಗು ಕೂರಿಸಿದ ಹೊಸ ರೇಜರನ್ನು ಆತ ವಿವರಿಸಿದ. ಅದೇ ಪಟ್ಟಿಯನ್ನು ಹಳೆಯ ಮಡಚುಗತ್ತಿಗೂ ಸಿಕ್ಕಿಸಬಹುದು ಎಂದ. ಹಳೆಯ ಕತ್ತಿಯನ್ನು ಎಸೆಯಬೇಕಿಲ್ಲ, ಕಲಿತ ಕೈಗೆ ಪಟ್ಟಿ ಬೇಡವೆನಿಸಿದರೆ ಕಳಚಿಡಬಹುದು. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಯೋಚನೆ ಇದು.

ಆದರೆ ಮಾರುಕಟ್ಟೆ ಗುದ್ದಲಿಯ ಆಕಾರವನ್ನೇ ಹಿಡಿಯಿತು. 1880ರಲ್ಲಿ ನ್ಯೂಯಾರ್ಕಿನ ಕಾಂಪ್ಫೆ ಸಹೋದರರು ತಂದ ರೇಜರಿನಲ್ಲಿ ಅಡ್ಡಪಟ್ಟಿ ಇತ್ತು, ಆದರೆ ಅಲಗನ್ನು ಮಸೆಯುವುದು ತಪ್ಪಲಿಲ್ಲ. ಬಳಸಿ ಎಸೆಯುವ ತೆಳು ಬ್ಲೇಡಿನೊಂದಿಗೆ ಬಂದ ಜಿಲೆಟ್ 1903ರಲ್ಲಿ ಮಾರಿದ್ದು 51 ರೇಜರು, 168 ಬ್ಲೇಡು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನಿಕರ ಚೀಲದಲ್ಲೆಲ್ಲ ಅದೇ. ಕಳಚುವ ಪಟ್ಟಿಯನ್ನು ಮಡಚುಗತ್ತಿಯ ರೂಪದಲ್ಲೇ ಉಳಿಸಿಕೊಂಡ ಡರ್ಹಮ್ ಡುಪ್ಲೆಕ್ಸ್ ಎಂಬ ರೇಜರು ಕೆಲವು ದಶಕ ಬಾಳಿತು. ಜಪಾನಿನ ಫೆದರ್ ಕಂಪನಿ ಈಗ ಕ್ಷೌರಿಕರಿಗೆಂದೇ ಬ್ಲೇಡಿನ ಅಂಚಿಗೆ ಸಣ್ಣ ತಂತಿಯ ರಕ್ಷೆ ಕೊಟ್ಟು ಮಾರುತ್ತದೆ. ಅಂದರೆ ಪಟ್ಟಿ ಕತ್ತಿಯಿಂದ ಬ್ಲೇಡಿಗೇ ದಾಟಿದೆ.

ನಮ್ಮ ಜಿಲ್ಲೆಯ ಕಟಿಂಗ್ ಶಾಪುಗಳಿಗೆ ರಕ್ಷೆ ಬಂದದ್ದು ಬೇರೆ ದಾರಿಯಲ್ಲಿ. 1986ರಲ್ಲಿ ಚೆನ್ನೈಯಲ್ಲಿ ಎಚ್‌ಐವಿ ಸೋಂಕು ಪತ್ತೆಯಾಯಿತು. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಗಿರಾಕಿಗಳ ಬಾಯಲ್ಲಿ ಒಂದೇ ಮಾತು: ‘ಹೊಸ ಬ್ಲೇಡ್ ಹಾಕಣ್ಣ.’ ನಿಜಕ್ಕೂ ಹೆಚ್ಚು ಹೆದರಬೇಕಾದದ್ದು ಹೆಪಟೈಟಿಸ್ ಬಿ ವೈರಾಣುವಿಗೆ. ಒಣಗಿದ ರಕ್ತದ ಕಲೆಯಲ್ಲೂ ಅದು ಏಳು ದಿನ ಬದುಕಿರಬಲ್ಲದು. ಸಾಣೆಕಲ್ಲು, ತೊಗಲಿನ ಪಟ್ಟಿ ಮೂಲೆ ಸೇರಿದವು. ಅರ್ಧ ಬ್ಲೇಡು ಸಿಕ್ಕಿಸುವ ಹಗುರ ಕತ್ತಿ ಬಂತು. ಅದರ ಅಂಚಿಗೆ ಹಲ್ಲೂ ಇಲ್ಲ, ಪಟ್ಟಿಯೂ ಇಲ್ಲ. ಗಾಯ ತಪ್ಪಿಸುವುದು ಇಂದಿಗೂ ಹೆಬ್ಬೆರಳೇ. ಹೊಸ ಬ್ಲೇಡು ತಪ್ಪಿಸಿದ್ದು ಒಬ್ಬನ ರಕ್ತ ಇನ್ನೊಬ್ಬನಿಗೆ ತಾಗುವುದನ್ನು. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಟ್ಟು ಬಂದವರಿಗೆ ಇದು ಗೊತ್ತು: ಅಲ್ಲಿ ಚೀಟಿಯ ಜೊತೆಗೇ ಬ್ಲೇಡೂ ಕೈಗೆ ಬರುತ್ತದೆ. ಉದ್ದ ಕೂದಲ ತಲೆಗೆ ಹಲ್ಲುಪಟ್ಟಿ ಕಟ್ಟಿದ ಕತ್ತಿ ಓಡುವುದೂ ಇಲ್ಲ, ಸಂದಿಯೆಲ್ಲ ಕಟ್ಟಿಕೊಳ್ಳುತ್ತದೆ.

ನಮ್ಮಲ್ಲಿ ಮನೆಯಲ್ಲಿ ತಾವೇ ಶೇವಿಂಗ್ ಮಾಡಿಕೊಳ್ಳುವವರಿಗೆಂದೇ ಹೊಸ ಅಡ್ಡಪಟ್ಟಿಯೊಂದು ಬಂದದ್ದು 2010ರಲ್ಲಿ. ಅದಕ್ಕೂ ಮುಂಚೆ ಜಿಲೆಟ್ ಭಾರತಕ್ಕೆಂದು ಮಾಡಿದ ಒಂದು ರೇಜರನ್ನು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿತ್ತು. ಅವರ ಬಚ್ಚಲಲ್ಲಿ ನಲ್ಲಿ ನೀರು ಧಾರಾಳ. ಇಲ್ಲಿ ಒಂದು ಚೊಂಬು ನೀರಿನಲ್ಲಿ ಅದ್ದಿ ಅದ್ದಿ ಗಡ್ಡ ತೆಗೆಯುವವರಿಗೆ ಅದರೊಳಗೆ ಕೂದಲು ಸಿಕ್ಕಿಕೊಂಡು ಕೂತಿತು. ಆಮೇಲೆ ಕಂಪನಿಯವರು ಇಲ್ಲಿಗೇ ಬಂದು ಮನೆ ಮನೆಯಲ್ಲಿ ಕೂತು ನೋಡಿದರು. ಒಂದೇ ಬ್ಲೇಡು, ಮುಂದೆ ಅಗಲ ಹಲ್ಲಿನ ಪಟ್ಟಿ, ರೇಜರಿಗೆ ಆಗ 15 ರೂಪಾಯಿ, ಬ್ಲೇಡಿಗೆ 5. ಹೆಸರೇ ಗಾರ್ಡ್. ಬೋರ್‌ವೆಲ್ ನೀರನ್ನು ಬಿಂದಿಗೆ ಲೆಕ್ಕದಲ್ಲಿ ಬಳಸುವ ನಮ್ಮ ತಾಲ್ಲೂಕುಗಳ ಬಚ್ಚಲನ್ನು ನೋಡಿಯೇ ಮಾಡಿದಂತಿತ್ತು.

ಇಷ್ಟೂ ಯೋಚನೆ ಕೆನ್ನೆಯ ಮೇಲಿನದು. ಕತ್ತಿ ಹಿಡಿದವನ ಬೆರಳಿನ ಬಗ್ಗೆ ಇಷ್ಟು ಯೋಚನೆ ನಡೆದಂತೆ ಕಾಣುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ. ದೊಡ್ಡಬಳ್ಳಾಪುರದ ಪೇಟೆಬೀದಿಯ ಅಂಗಡಿಯೊಂದರಲ್ಲಿ ಮೊನ್ನೆ ಸೋಮವಾರ ಸಂಜೆ ಕೂತಿದ್ದೆ. ಮಂಗಳವಾರ ರಜೆಯಾದ್ದರಿಂದ ಜನವೋ ಜನ. ಯಜಮಾನರು ಬ್ಲೇಡನ್ನು ಕಾಗದದ ಸಮೇತ ಎರಡು ಬೆರಳಲ್ಲಿ ಬಾಗಿಸಿದರು, ‘ಟಕ್’ ಎಂದು ಸರಿಯಾಗಿ ನಡುವೆ ಮುರಿಯಿತು. 22 ಮಿಲಿಮೀಟರ್ ಅಗಲದ ಬ್ಲೇಡು 11 ಆಯಿತು. ಹೀಗೆ ದಿನಕ್ಕೆ ಎಷ್ಟೋ ಸಲ. ಅವರ ತೋರುಬೆರಳ ಕೊನೆಯಲ್ಲಿ ಬಿಳಿ ಗೀರುಗಳು ಒಂದರ ಮೇಲೊಂದು.

ಕೆಲಸ ಮುಗಿದ ಮೇಲೆ ತುಂಡನ್ನು ಮುಚ್ಚಳಕ್ಕೆ ಸೀಳು ಕೊಯ್ದ ತಗಡಿನ ಡಬ್ಬಕ್ಕೆ ಇಳಿಬಿಟ್ಟರು. ತುಂಬಿದ ಮೇಲೆ ಏನು ಮಾಡ್ತೀರಿ ಯಜಮಾನ್ರೇ ಎಂದೆ.

‘ಸೀಳಿಗೆ ಟೇಪು ಸುತ್ತಿ, ಒಳಗೆ ಬ್ಲೇಡ್ ಐತೆ ಕಣಮ್ಮ, ಹುಷಾರು ಅಂತ ಕಸದ ಗಾಡಿಯಮ್ಮನ ಕೈಗೇ ಕೊಡ್ತೀನಿ. ಚೀಲದಲ್ಲಿ ಹಾಕಿ ಎಸೆದ್ರೆ ಅವರ ಕೈಗೆ ಗತಿಯೇನು ಸ್ವಾಮಿ?’